ನಡುವಿನಿಂದ ಅಂಚಿಗೆ

ತಿಥಿಗೆ ಬಂದಿದ್ದ ನೆಂಟರೆಲ್ಲ ನಿನ್ನೆ ಸಂಜೆಯ ಬಸ್ಸಿಗೆ ಹೊರಟುಹೋದರು. ಈ ಬೆಳಿಗ್ಗೆ ಗುಂಡ್ಲುಪೇಟೆಯ ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹಾಲಿನ ಗಾಡಿ ಬರುವ ಮೊದಲೇ ಒಂದು ಅಂಗಡಿಯ ಶಟರ್ ಮೇಲೇರುತ್ತದೆ. ಹರ್ಷಿತಾ ದೀಪ ಹಾಕಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಸೀಡಿಯೊಂದನ್ನು ಅಂಚು ಹಿಡಿದು ಬೆಳಕಿಗೆ ಎತ್ತುತ್ತಾಳೆ. ನೋಡಿ ಕೆಳಗಿಡುತ್ತಾಳೆ. ಮತ್ತೆ ಎತ್ತುತ್ತಾಳೆ.

ಹಾಳಾದ ಸೀಡಿ, ಡಿವಿಡಿಗಳಿಂದ ಉಳಿದಷ್ಟನ್ನು ಎತ್ತಿಕೊಡುವುದು ಅವಳ ಕೆಲಸ. ಗಂಡ ಶಶಿಕುಮಾರ ಮದುವೆ ವಿಡಿಯೊ ತೆಗೆಯುತ್ತಿದ್ದ. ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಬಂದ ಇವಳು ಅದೇ ಅಂಗಡಿಯ ಮೂಲೆಯಲ್ಲಿ ಕುಳಿತಳು. ಬೋರ್ಡಿನ ಮೇಲಿರುವುದು ಅವನ ಹೆಸರು ಮಾತ್ರ. ಜ್ವರವೆಂದು ಮಲಗಿದವನು ಏಳಲಿಲ್ಲ; ಆ ತಿಥಿ ಅವನದೇ. ಅಂಗಡಿ ಬಾಡಿಗೆಗೆ ಕೊಡೋಣ, ನೀವು ಬದನಗುಪ್ಪೆಯಲ್ಲಿ ಯಾವುದಾದರೂ ಕಾರ್ಖಾನೆಗೆ ಸೇರಿಕೊಳ್ಳಿ ಎಂದು ಮೈದುನ ತಿಥಿಯೂಟದ ಎಲೆ ಎತ್ತುವ ಮೊದಲೇ ಹೇಳಿದ್ದಾನೆ.

"ಜನ ತಟ್ಟೆ ಒರೆಸಿದ ಹಾಗೆ ಸೀಡೀನ ಸುತ್ತ ಒರೆಸ್ಕೊಂಡು ತರ್ತಾರೆ," ಎನ್ನುತ್ತಾಳೆ ಹರ್ಷಿತಾ. "ನಡುವಿಂದ ಅಂಚಿಗೆ ಒರೆಸಿ ಅಂತ ಚೀಟಿ ಅಂಟಿಸಿದೀನಿ. ಓದೋರು ಯಾರು?"

ಸೀಡಿಯಲ್ಲಿ ಮಾಹಿತಿ ಸುರುಳಿಯಾಗಿ ಕೂತಿರುತ್ತದೆ. ನಡುವಿನಿಂದ ಅಂಚಿಗೆ ಬಿದ್ದ ಅಡ್ಡ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಕೆಡಿಸುತ್ತದೆ. ಅಷ್ಟನ್ನು ಯಂತ್ರ ತಾನೇ ತಿದ್ದಿಕೊಳ್ಳುತ್ತದೆ. ಸುರುಳಿಯ ಜಾಡಿನಲ್ಲೇ ಎದ್ದ ಗೀರು ಮಾಹಿತಿಯನ್ನು ಉದ್ದಕ್ಕೂ ತಿಂದುಹಾಕುತ್ತದೆ.

ತಿದ್ದುವ ಈ ವಿದ್ಯೆ ಹುಟ್ಟಿದ್ದು ಸಿಟ್ಟಿನಲ್ಲಿ. ಅಮೆರಿಕದ ಗಣಿತಜ್ಞ ಹ್ಯಾಮಿಂಗ್ ವಾರಾಂತ್ಯದಲ್ಲಿ ಲೆಕ್ಕಕ್ಕೆ ಹಚ್ಚಿಹೋಗುತ್ತಿದ್ದ ಯಂತ್ರ, ತಪ್ಪು ಕಂಡೊಡನೆ ಅವನ ಕೆಲಸವನ್ನೇ ಕೈಬಿಡುತ್ತಿತ್ತು. ತಪ್ಪಿದೆಯೆಂದು ತಿಳಿಯುವ ಯಂತ್ರಕ್ಕೆ ಅದನ್ನು ತಿದ್ದಲು ಯಾಕಾಗದು ಎಂದುಕೊಂಡ. ಮಾಹಿತಿಯ ಜೊತೆ ಕೆಲವು ಹೆಚ್ಚುವರಿ ಅಂಕಿಗಳನ್ನು ಸೇರಿಸಿಟ್ಟು, ಕೆಟ್ಟದ್ದನ್ನು ಅವುಗಳಿಂದ ಲೆಕ್ಕ ಹಾಕುವ ಅವನ ಸಂಕೇತ 1950ರಲ್ಲಿ ಪ್ರಕಟವಾಯಿತು. ಮುಂದಿನ ದಶಕದಲ್ಲಿ ರೀಡ್ ಮತ್ತು ಸಾಲಮನ್ ಸಾಲಾಗಿ ಕೆಟ್ಟದ್ದನ್ನೂ ತಿದ್ದುವ ದಾರಿ ಕಂಡರು. ದೂರದ ಗ್ರಹಗಳ ಚಿತ್ರ ಭೂಮಿಗೆ ಸರಿಯಾಗಿ ತಲುಪಿದ್ದರಲ್ಲಿ, ಸೀಡಿ ಹಾಡಿದ್ದರಲ್ಲಿ ಅದರ ಕೈಯಿದೆ. ಗುಂಡ್ಲುಪೇಟೆಯ ತರಕಾರಿ ಅಂಗಡಿಗಳಲ್ಲಿ ಅಲ್ಲಲ್ಲಿ ಮಾಸಿದ ಕ್ಯೂಆರ್ ಚೀಟಿ ಇನ್ನೂ ಕೆಲಸ ಮಾಡುವುದು ಅದರಿಂದಲೇ.

"ಅದಕ್ಕೂ ಒಂದು ಮಿತಿ ಇದೆ," ಎನ್ನುತ್ತಾಳೆ ಹರ್ಷಿತಾ. "ದಾಟಿದ್ರೆ ಮುಗೀತು."

ಮೇಜಿನ ಮೇಲಿರುವುದು ಮಿತಿ ದಾಟಿದ ಸೀಡಿ. ಹರದನಹಳ್ಳಿಯ ಮಂಗಮ್ಮನವರ ಮದುವೆಯಲ್ಲಿ ಅವರ ತಾಯಿ ಹಾಡಿದ ಸೋಬಾನೆ ಪದಗಳು ಉಳಿದಿರುವುದು ಇದೊಂದರಲ್ಲೇ. ತಾಯಿ ಈಗಿಲ್ಲ. ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆಂದು ಶಶಿಕುಮಾರ ಇಸಿದುಕೊಂಡು ಬಂದಿದ್ದ. ಹಾಕುವ ಮೊದಲೇ ಹೋದ. ಮೈಲಿಗೆ ಕಳೆಯುವ ದಿನ ಅತ್ತೆ ಮಹಾಲಕ್ಷ್ಮಮ್ಮ ಮಗ ಮುಟ್ಟಿದ್ದನ್ನೆಲ್ಲ ಅಂಗಳಕ್ಕೆ ತಂದು, ಬೂದಿ ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜಿದರು. ಲೋಟ, ಟಿಫನ್ ಬಾಕ್ಸು, ಈ ಸೀಡಿ. ಎರಡೂ ಮಗ್ಗುಲು, ಸುತ್ತ ಸುತ್ತ.

ಕೇಳಿದ್ದಕ್ಕೆ ಅವರು ಅಂದದ್ದು: "ಎಲ್ಲಾನೂವೆ ತೊಳ್ದೆ ಕನವ್ವ. ಅದೊಂದ ಬುಟ್ಬುಟ್ರೆ ಮೈಲ್ಗೆ ಓಯ್ತಿತ್ತಾ?"

ಸೊಸೆ ಸೀಡಿಯನ್ನು ಅಂಗಡಿಗೆ ತಂದಳು.

ಕೆಳಮಗ್ಗುಲಿನ ಗೀರುಗಳು ಪಾಲಿಶ್‌ನಲ್ಲಿ ಹೋಗಿವೆ. ಮೇಲ್ಮಗ್ಗುಲಲ್ಲಿ, ತೆಳುವಾದ ಬಣ್ಣದ ಅಡಿಯಲ್ಲೇ ಇರುವ, ಮಾಹಿತಿ ಹೊತ್ತ ಹೊಳೆಯುವ ರೇಕು ಸುರುಳಿಯ ಜಾಡಿನಲ್ಲೇ ಕಮಾನಿನಂತೆ ಕಿತ್ತುಬಂದಿದೆ. ಅಲ್ಲಿ ತಿದ್ದಲು ಏನೂ ಉಳಿದಿಲ್ಲ. ಇಂಥ ಕಡೆ ಅಕ್ಕಪಕ್ಕದ ದನಿಯನ್ನೇ ಎಳೆದು ತೇಪೆ ಹಾಕುವ ಸಾಫ್ಟ್‌ವೇರ್ ಉಂಟು. ಶಶಿಕುಮಾರ ಹಾಕುತ್ತಿದ್ದ; ಗಿರಾಕಿಗಳಿಗೆ ಗೊತ್ತಾಗುತ್ತಿರಲಿಲ್ಲ. ಹಾಡದೇ ಇದ್ದದ್ದನ್ನು ಹಾಡಿದಂತೆ ಕೇಳಿಸಬಾರದು ಎನ್ನುವವಳು ಇವಳು; ಇದೊಂದಕ್ಕೇ ಇಬ್ಬರಿಗೂ ಜಗಳವಾಗುತ್ತಿತ್ತು. ಹರ್ಷಿತಾ ಇವತ್ತೂ ಹಾಕುವುದಿಲ್ಲ. ಹೋದದ್ದನ್ನು ಹೋದ ಹಾಗೆಯೇ ಬಿಟ್ಟು, ಉಳಿದದ್ದನ್ನು ಪೆನ್‌ಡ್ರೈವಿಗೆ ಹಾಕಿ, ಚಾಮರಾಜನಗರದ ಬಸ್ಸು ಹತ್ತುತ್ತಾಳೆ.

ಹರದನಹಳ್ಳಿಯ ಮನೆಯಲ್ಲಿ ಪೆನ್‌ಡ್ರೈವನ್ನು ಟೀವಿಗೆ ಚುಚ್ಚಿದಾಗ ತಾಯಿಯ ದನಿ ನಡುಮನೆಯನ್ನೆಲ್ಲ ತುಂಬುತ್ತದೆ. ಮಂಗಮ್ಮ ಒಲೆ ಆರಿಸಿ ಬಂದು ಕೂರುತ್ತಾರೆ. ಮದುಮಗಳನ್ನು ಹಸೆಗೆ ಕರೆಯುವ ಪದ ಬರುತ್ತದೆ. ಅರ್ಧ ಸಾಲಿಗೆ ದನಿ ನಿಲ್ಲುತ್ತದೆ. ಮತ್ತೆ ಶುರುವಾಗುವ ಹೊತ್ತಿಗೆ ಬೇರೆ ಸಾಲು.

"ಇಲ್ಲೇ ಅಲ್ವಾ ನಮ್ಮವ್ವ ನನ್ ಹೆಸ್ರಿಡ್ದು ಕರ್ದಿದ್ದು."

ಇನ್ನೊಂದು ಸಲ ಹಾಕಿಸುತ್ತಾರೆ. ಅದೇ. ನಮ್ಮ ಮನೆಯಲ್ಲೇ ಉಜ್ಜಿ ಕೆಡಿಸಿದ್ದು, ಇನ್ನು ಯಾರ ಕೈಯಲ್ಲೂ ಆಗುವುದಿಲ್ಲ ಎಂದು ಹರ್ಷಿತಾ ಹೇಳುತ್ತಾಳೆ. ಉಜ್ಜಿದವರ ಹೆಸರು ಹೇಳುವುದಿಲ್ಲ.

ಮಂಗಮ್ಮ ಎದ್ದು ಟೀವಿ ಆರಿಸುತ್ತಾರೆ. "ನಿನ್ ಗಂಡ ಇದ್ದಿದ್ರೆ ಎಂಗಾರ ಸರಿ ಮಾಡ್ಬುಡೋನು ಕನವ್ವ."

"ಹೂಂ," ಎನ್ನುತ್ತಾಳೆ ಹರ್ಷಿತಾ. "ಮಾಡ್ತಿದ್ರು."

ಸೀಡಿಯನ್ನು ಅಂಚು ಹಿಡಿದು ಅವರ ಕೈಗಿಡುತ್ತಾಳೆ.