ಜೋಡಿ ಸನಾದಿ

ಅಪ್ಪ ಮತ್ತು ಚಾಚಾ ಮುದ್ದೇಬಿಹಾಳದಲ್ಲಿ ಜೋಡಿ ಸನಾದಿ ನುಡಿಸುತ್ತಿದ್ದರು. ಚಾಚಾ ನೆರೆಮನೆಯ ಮುಸಲ್ಮಾನರು. ನನಗೆ ಮಾತು ಬರುವ ಮೊದಲಿನಿಂದಲೂ ಅಪ್ಪನ ಜೊತೆಗಾರರು. ಅಪ್ಪ ರಾಗ ನುಡಿಸುವಾಗ ಚಾಚಾ ಉದ್ದಕ್ಕೂ ಒಂದೇ ಸ್ವರ ಹಿಡಿದಿರುತ್ತಿದ್ದರು. ಅದಕ್ಕೆ ಸುರ್ ಎನ್ನುತ್ತಾರೆ. ಎರಡೂ ಸನಾದಿಗಳನ್ನು ಒಂದೇ ಕಟ್ಟಿಗೆಯಿಂದ, ಒಂದೇ ಉದ್ದಕ್ಕೆ, ಒಂದೇ ಸ್ವರಕ್ಕೆ ಮಾಡಿಸಿದ್ದರು.

ಮ್ಯಾಟ್ರಿಕ್ ಮುಗಿಸಿ ಮುಂಬಯಿಗೆ ಓಡಿಹೋಗಿದ್ದ ನಾನು ಅರವತ್ತರ ದಶಕದ ಆರಂಭದಲ್ಲಿ ಮರಳಿದೆ. ಅಲ್ಲಿ ಹೋಟೆಲಿನ ಬ್ಯಾಂಡಿನಲ್ಲಿ ಜಾಝ್ ಕಲಿತಿದ್ದೆ. ಕೈಯಲ್ಲೊಂದು ಹಳೆಯ ಸ್ಯಾಕ್ಸೊಫೋನ್ ಇತ್ತು.

"ಬಂದ್ರಪಾ ಬೊಂಬಾಯಿ ಸಾಹೇಬ್ರು! ಹಿತ್ತಾಳಿ ಕೊಳವಿ ತಂದಾರ, ನೀರ ಕಾಸಾಕ ಬರತೈತೇನ ನೋಡ್ರಿ," ಎಂದು ಚಾಚಾ ನಕ್ಕರು.

ಅವ್ವನ ಬೀಸುವ ಪದ, ಅಪ್ಪನ ಭೈರವಿ, ನನ್ನ ಜಾಝ್ ಮೂರನ್ನೂ ಕೂಡಿಸುವ ಹುಚ್ಚು ನನಗೆ. ಬಾಗೇವಾಡಿಯ ಸಾಲೆಯೊಂದರ ವಾರ್ಷಿಕ ಗ್ಯಾದರಿಂಗಿಗೆ ಕರೆ ಬಂತು. ಸನಾದಿ, ಸ್ಯಾಕ್ಸೊಫೋನ್ ಎರಡನ್ನೂ ನಾನೇ ಊದುವುದೆಂದು ನಿಶ್ಚಯವಾಯಿತು. ಆದರೆ ಅಪ್ಪನ ಸನಾದಿ ಸ್ಯಾಕ್ಸೊಫೋನಿಗಿಂತ ತುಸು ತಗ್ಗಿನಲ್ಲಿ ನುಡಿಯುತ್ತಿತ್ತು. ತುದಿಯಲ್ಲಿ ಊದುವ ಪೀಪಿ ಬದಲಿಸಿದೆ, ಕೆತ್ತಿದೆ, ಕೂಡಲಿಲ್ಲ.

ಅಪ್ಪ ಸಿಂದಗಿಗೆ ಹೋದ ದಿನ ಸನಾದಿಯನ್ನು ಬಡಿಗೇರರ ಬಳಿಗೆ ಒಯ್ದೆ.

"ನಿಮ್ಮಪ್ಪಗ ಗೊತ್ತೈತೇನೋ?"

"ಅವರ ಹೇಳಿ ಕಳಿಸ್ಯಾರ್ರಿ."

ಸ್ವರ ಏರಲೆಂದು ಪೀಪಿ ಕೂರುವ ತುದಿಯಲ್ಲಿ ಜೋಳದ ಕಾಳಿನಷ್ಟು ಕೊಯ್ಯಿಸಿದೆ. ದಾರ ಸುತ್ತಿದ ಮೇಲೆ ಕೊಯ್ದದ್ದು ಕಾಣಲಿಲ್ಲ. ಬಾಗೇವಾಡಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸನಾದಿಯನ್ನು ಮತ್ತೆ ಅಪ್ಪನ ಗೂಟಕ್ಕೆ ತೂಗುಹಾಕಿದೆ.

ಮುಂದೆ ಇಂಡಿಯಲ್ಲೊಂದು ಮದುವೆ. ನಾನೂ ಹೋಗಿದ್ದೆ. ಅಪ್ಪ ರಾಗ ಎತ್ತಿದರೆ ಚಾಚಾನ ಸುರ್ ಕೂಡಲೇ ಇಲ್ಲ. ಅಪ್ಪ ನಿಲ್ಲಿಸಿ ಪೀಪಿ ನೆನೆಸಿದರು, ಮತ್ತೆ ಊದಿದರು, ಮತ್ತೆ ಕೆಟ್ಟಿತು.

"ಏನ್ರಿ ಮಾಸ್ತರ, ಊಟ ಆಗಿಲ್ಲೇನು?" ಎಂದು ಬೀಗರೊಬ್ಬರು ಕೂಗಿದರು. ಜನ ನಕ್ಕರು.

ಅಪ್ಪ ಎದೆ ಒತ್ತಿಕೊಂಡರು. "ನನ್ನ ಉಸಿರು ಹೋತೋ. ಕಿವಿನೂ ಹೋತು. ಇನ್ನ ಸಾಕು."

ನಾನು ಎರಡು ಮಾರು ದೂರದಲ್ಲಿದ್ದೆ. ಸನಾದಿಯ ತುದಿಗೆ ಸುತ್ತಿದ ದಾರದ ಮೇಲೆಯೇ ನನ್ನ ಕಣ್ಣಿತ್ತು.

ಚಾಚಾ ಎರಡೂ ಸನಾದಿಗಳನ್ನು ಚೀಲಕ್ಕೆ ಹಾಕುವ ಮುನ್ನ ಜೋಡಿಸಿ ಹಿಡಿದರು. ಅಪ್ಪನದು ತುಸು ಗಿಡ್ಡವಾಗಿತ್ತು. ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ನಿಂದೇನಿಲ್ಲೋ ಮಾರಾಯಾ, ನನ್ನ ಸನಾದಿನ ಕೆಟ್ಟೈತಿ. ರಿಪೇರಿ ಮಾಡಿಸ್ತೇನಿ," ಎಂದರು.

ಊರಿಗೆ ಮರಳಿದ ಮೇಲೆ ಚಾಚಾ ತಾವೂ ಅದೇ ಬಡಿಗೇರರ ಬಳಿಗೆ ಹೋದರು. ಮಗುವಿನಂತೆ ಕಾಪಾಡಿದ ತಮ್ಮ ಸನಾದಿಯನ್ನೂ ಜೋಳದ ಕಾಳಿನಷ್ಟೇ ಕೊಯ್ಯಿಸಿಕೊಂಡು ಬಂದರು.

ಮರುದಿನ ಅಪ್ಪ ಅಂಜುತ್ತಲೇ ನಮ್ಮ ಕಟ್ಟೆಯ ಮೇಲೆ ಕೂತು ರಾಗ ಎತ್ತಿದರು. ಸುರ್ ಕೂಡಿತು. ಅಪ್ಪನ ಮುಖ ಅರಳಿತು. "ಕೇಳಿದ್ಯೇನೋ? ಉಸಿರು ಐತಿ ಇನ್ನಾ!" ಎಂದು ನನ್ನತ್ತ ಕೂಗಿದರು.

"ಹೌದಪ್ಪಾ," ಎಂದೆ.

ಸುರ್ ಹಿಡಿದವರು ನಡುವೆ ಬಾಯಿ ತೆಗೆಯುವಂತಿಲ್ಲ. ಚಾಚಾ ಕೆನ್ನೆ ಉಬ್ಬಿಸಿ ಆ ಒಂದೇ ಸ್ವರ ಊದುತ್ತಿದ್ದರು. ಕಣ್ಣು ಮಾತ್ರ ನನ್ನ ಮೇಲಿತ್ತು. ಅಪ್ಪನಿಗೆ ನಾನೇ ಹೇಳಲೆಂದು ಅವರು ಕಾಯುತ್ತಿದ್ದರು. ಅಪ್ಪ ಸಾಯುವವರೆಗೂ ನಾನು ಹೇಳಲಿಲ್ಲ.