ನಾನು ಎತ್ತದ ಎರಡು ಕರೆಗಳು

ಕಳೆದ ವರ್ಷದ ಬೇಸಿಗೆಯ ಮಾತು. ಆಗ ನಾನು ಕಮಲಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅಪ್ಪ ಕೊಡಿಸಿದ್ದ ಹಳೆಯ ಡೀಸೆಲ್ ಕಾರಿನಲ್ಲಿ ಕಲಬುರಗಿಯಿಂದ ದಿನವೂ ಹೋಗಿಬರುತ್ತಿದ್ದೆ. ಒಂದು ಬೆಳಿಗ್ಗೆ ಕಾರು ಹೊರತೆಗೆದಾಗ ಅಂಗಳದಲ್ಲಿ ಅಂಗೈಯಗಲದ ಹಸಿರು ಕಲೆ ಕಂಡಿತು. ಎಂಜಿನ್ನನ್ನು ತಣ್ಣಗಿಡುವ ಕೂಲಂಟ್ ಸೋರುತ್ತಿತ್ತು.

ಶಹಾಬಜಾರದ ಗಲ್ಲಿಯೊಂದರಲ್ಲಿ ರಶೀದ್ ಭಾಯಿ ಎಂಬವರ ಗ್ಯಾರೇಜಿದೆ. ಜಾಗ ಎಷ್ಟು ಚಿಕ್ಕದೆಂದರೆ ಕಾರಿನ ಮುಂಭಾಗ ಮಾತ್ರ ಒಳಗೆ, ಉಳಿದದ್ದು ಗಲ್ಲಿಯಲ್ಲಿ. ಅವರು ರೇಡಿಯೇಟರಿನಿಂದ ಎಂಜಿನ್ನಿಗೆ ಹೋಗುವ ಬಿರುಕುಬಿಟ್ಟ ರಬ್ಬರ್ ಪೈಪನ್ನು ಬದಲಿಸಿ, ಹೊಸ ಕೂಲಂಟ್ ತುಂಬಿ, ಅರ್ಧ ಗಂಟೆ ಎಂಜಿನ್ ಓಡಿಸಿ ನೋಡಿದರು.

"ಒಂದ್ ವಾರ ಓಡ್ಸಿ ಮತ್ತ ತರ್ರಿ ಮೇಡಂ" ಎಂದರು. "ರಬ್ಬರ್ ಹೊಸಾದದ, ಕಾವಿಗಿ ಮೆತ್ತಗಾಗಿ ಕುಂದರ್ತದ. ಪೈಪಿನ ಕ್ಲಿಪ್ ಇನ್ನೊಮ್ಮೆ ಬಿಗಿ ಮಾಡ್ಬೇಕಾಗ್ತದ. ಪಾಂಚ್ ಮಿನಿಟಿನ ಕೆಲ್ಸ, ಪುಕ್ಕಟ."

ಆಯಿತೆಂದೆ. ಆದರೆ ಮತ್ತೊಮ್ಮೆ ಕರೆಸಿ ಬೇರೇನೋ ಕೆಟ್ಟಿದೆ ಎಂದು ಹೇಳುವ ಹುನ್ನಾರವಿದು ಎಂದು ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು. ಎಂಟನೆಯ ದಿನ ಅವರ ಕರೆ ಬಂತು, ಕತ್ತರಿಸಿದೆ. ಮರುದಿನ ಮತ್ತೆ ಬಂತು, ಎತ್ತಲಿಲ್ಲ.

ಅದಾದ ಎರಡನೆಯ ದಿನ ಪರೀಕ್ಷಾ ಮೇಲ್ವಿಚಾರಣೆಗೆ ಹೊರಟಿದ್ದೆ. ಮಹಾಗಾಂವ್ ಕ್ರಾಸ್ ದಾಟುತ್ತಿದ್ದಂತೆ ತಾಪಮಾನದ ಮುಳ್ಳು ಏರತೊಡಗಿತು. ಕಮಲಾಪುರದ ಮೊದಲ ಮನೆಗಳು ಕಾಣುವ ಹೊತ್ತಿಗೆ ಬಾನೆಟ್ಟಿನಿಂದ ಹೊಗೆಯಂತೆ ಆವಿ. ಬೇವಿನ ಮರದಡಿ ಕಾರು ನಿಲ್ಲಿಸಿ, ಕಾಲೇಜಿಗೆ ಫೋನ್ ಮಾಡಿ, ನನ್ನ ಕೋಣೆಗೆ ಬೇರೆಯವರನ್ನು ಕಳಿಸುವಂತೆ ಕೇಳಿಕೊಂಡೆ.

ಆ ಬಳಿಕ ನಾನು ಮಾಡಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ವಿಶ್ವವಿದ್ಯಾಲಯದ ದಿನಗಳಲ್ಲಿ ಹಾಸ್ಟೆಲಿನ ನೀರಿಗಾಗಿ, ತಡವಾದ ವಿದ್ಯಾರ್ಥಿವೇತನಕ್ಕಾಗಿ ಅಧಿಕಾರಿಗಳ ಬಾಗಿಲಲ್ಲಿ ಧರಣಿ ಕೂತವಳು ನಾನು. ಉತ್ತರದಾಯಿತ್ವ ಎಂಬ ಪದವನ್ನು ನನ್ನಷ್ಟು ಸಲ ಬಳಸಿದವರು ನಮ್ಮ ತರಗತಿಯಲ್ಲಿ ಇರಲಿಲ್ಲ. ಅದೇ ಹುರುಪಿನಲ್ಲಿ ರಸ್ತೆಗೆ ಸುರಿದ ಹಸಿರು ನೀರಿನ ಫೋಟೋ ತೆಗೆದು, ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೂ ಹಳೆಯ ವಿದ್ಯಾರ್ಥಿಗಳ ಗುಂಪಿಗೂ ಹಾಕಿದೆ: "ಶಹಾಬಜಾರದ ಈ ಗ್ಯಾರೇಜಿನವನನ್ನು ನಂಬಬೇಡಿ. ಹತ್ತೇ ದಿನಕ್ಕೆ ನಡುದಾರಿಯಲ್ಲಿ ಕೈಕೊಟ್ಟ. ಇಂಥವರನ್ನು ಪ್ರಶ್ನಿಸದಿದ್ದರೆ ಸುಧಾರಿಸುವುದಿಲ್ಲ." ಕೆಳಗೆ ರಶೀದ್ ಭಾಯಿಯ ಹೆಸರು, ನಂಬರು.

ಫೋನ್ ಕೆಳಗಿಟ್ಟು, ಕೈಗೆ ದುಪಟ್ಟಾ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದೆ. ರಸ್ತೆಯ ಆಚೆಯಿಂದ ಕೂಗು ಕೇಳಿತು.

"ಏ ತಂಗೀ, ಮುಟ್ಟಬ್ಯಾಡ! ಮಾರಿ ಸುಟ್ಟೀತು!"

ಟ್ರ್ಯಾಕ್ಟರ್ ರಿಪೇರಿ ಮಾಡುವ ಶರಣಪ್ಪ ಎಂಬ ಹಿರಿಯರು ಓಡಿಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ, ತಮ್ಮ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಕೈಗೊಂದು ಕೆಂಪು ಬಾಳೆಹಣ್ಣು ಕೊಟ್ಟರು. "ಎಂಜಿನ್ ಆರಲಿ. ಅದಕಿಂತ ನೀನೇ ಹೆಚ್ಚು ಕುದ್ಯಾಕತ್ತೀದಿ."

ಮುಕ್ಕಾಲು ಗಂಟೆಯ ನಂತರ ಅವರು ಬಾನೆಟ್ಟಿನೊಳಗೆ ಬಗ್ಗಿ, ಪೈಪಿನ ಬಾಯಿಗಿದ್ದ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಎರಡು ಸುತ್ತು ತಿರುಗಿಸಿದರು. ಕೂಲಂಟ್ ತುಂಬಿ ಎಂಜಿನ್ ಓಡಿಸಿದರು. ಒಂದು ಹನಿಯೂ ಸೋರಲಿಲ್ಲ.

"ಇಷ್ಟೇನಾ?" ಎಂದೆ.

"ಇಷ್ಟೇ. ಪೈಪ್ ಛಲೋದ್ ಹಾಕ್ಯಾನ. ಕೆಲಸ ಬಲ್ಲಂವ ಅದಾನ. ವಾರ ಬಿಟ್ಟು ಮತ್ತ ತಗೊಂಡ್ ಬಾ ಅಂತ ಹೇಳಿಲ್ಲೇನು?"

"ಹೇಳಿದ್ದರು. ಎರಡು ಸಲ ಫೋನೂ ಮಾಡಿದ್ದರು."

ಶರಣಪ್ಪ ನಕ್ಕರು. "ಈ ಕಾಲದಾಗ ಕರದು ಕೆಲಸ ಮಾಡಿಕೊಡಾಂವ ಸಿಕ್ಕಾನ, ನೀ ಅವನಿಂದ್ಲೇ ತಪ್ಪಿಸ್ಕೊಂಡು ತಿರುಗ್ಯಾಡೀದಿ!"

ತಕ್ಷಣ ಫೋನ್ ತೆಗೆದು ಆ ಬರಹ ಅಳಿಸಬೇಕಿತ್ತು. ಅಳಿಸಲಿಲ್ಲ. ಮಧ್ಯಾಹ್ನದ ಪರೀಕ್ಷೆಗಾದರೂ ತಲುಪಬೇಕು, ಸಂಜೆ ಅಳಿಸಿದರಾಯಿತು ಎಂದುಕೊಂಡೆ. ಸಂಜೆ ನೋಡುವಾಗ ನನ್ನ ಬರಹ ನನಗೆ ಗೊತ್ತಿಲ್ಲದ ಗುಂಪುಗಳಿಗೂ ಹೋಗಿತ್ತು. ಕುಸನೂರಿನಲ್ಲಿ ಮೂರು ಶಾಲಾ ವ್ಯಾನುಗಳನ್ನು ಓಡಿಸುವ ಒಬ್ಬರು ನಮ್ಮ ಗುಂಪಿನಲ್ಲೇ ಬರೆದಿದ್ದರು: "ಥ್ಯಾಂಕ್ಸ್ ಮೇಡಂ. ನನ್ನ ಗಾಡಿಗಳೆಲ್ಲ ಅವನ ಹತ್ರಾನೇ ಇದ್ದವು. ಇವತ್ತೇ ಬಿಡಿಸಿದೆ."

ಮರುದಿನ ಬೆಳಿಗ್ಗೆ ಶಹಾಬಜಾರಕ್ಕೆ ಹೋದೆ. ಗ್ಯಾರೇಜಿನಲ್ಲಿ ಒಂದೂ ಗಾಡಿ ಇರಲಿಲ್ಲ.

"ಆಯಿಯೇ ಮೇಡಂ, ಕುಂದರ್ರಿ" ಎಂದು ರಶೀದ್ ಭಾಯಿ ಸ್ಟೂಲು ಒರೆಸಿ ಕೊಟ್ಟರು. ನಾನು ಕೂರುವ ಮೊದಲೇ ಅವರೇ ಹೇಳಿದರು: "ನನಗ ಕನ್ನಡ ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ. ಬೇಟಿ ಓದಿ ಹೇಳಿದ್ಳು. ಬೇರೆ ಯಾರದೋ ಇರ್ಬೇಕಂತ ಎರಡ್ ಸಲ ಓದ್ಸಿದೆ."

ತಂದೆಯ ಬಗ್ಗೆ ನಾನು ಬರೆದ ಸಾಲುಗಳನ್ನು ತಂದೆಗೇ ಓದಿ ಹೇಳಬೇಕಾದ ಆ ಹುಡುಗಿಯನ್ನು ನಾನು ನೋಡಿಲ್ಲ. ತಪ್ಪು ನನ್ನದೇ, ಕ್ಷಮಿಸಿ ಎಂದೆ.

"ತಪ್ಪು ಯಾರಿಗಿ ಆಗಂಗಿಲ್ಲ? ಫೋನ್ ಮಾಡಿ ಬೈದಿದ್ರ ಆಗ್ತಿತ್ತು ಮೇಡಂ. ಬೈಸ್ಕೊಳ್ಳೋದು ನಮಗ ರೂಢಿ ಅದ. ಮಂದಿ ಮುಂದ ಯಾಕ ಇಟ್ರಿ?"

ಅದಕ್ಕೆ ನನ್ನಲ್ಲಿರುವ ಉತ್ತರ ಅಸಹ್ಯವಾದದ್ದು. ಅದೇ ಕಾರನ್ನು ಹಿಂದೊಮ್ಮೆ ದೊಡ್ಡ ಸರ್ವಿಸ್ ಸೆಂಟರಿನವರು ಮೂರು ದಿನ ಸುಮ್ಮನೆ ಇಟ್ಟುಕೊಂಡಾಗ ನಾನು ಬರೆದದ್ದು "ಮಾನ್ಯರೇ" ಎಂದು ಶುರುವಾಗುವ ವಿನಯದ ಪತ್ರ. ಗಾಜಿನ ಬಾಗಿಲಿನವರಿಗೆ ಮನವಿ, ಗಲ್ಲಿಯವರಿಗೆ ಮರ್ಯಾದೆಹರಣ! ಇದನ್ನು ಪ್ರಶ್ನಿಸುವ ಧೈರ್ಯವೆಂದು ಕರೆದುಕೊಂಡಿದ್ದೆ. ಸುಲಭಕ್ಕೆ ಸಿಗುವವರ ಮೇಲೆ ಎರಗುವುದು ಧೈರ್ಯವಲ್ಲ. ಹಾಗೆ ಮಾಡುವವರು ನಮ್ಮ ನಡುವೆ ನಾನೊಬ್ಬಳೇ ಅಲ್ಲ ಎಂಬುದನ್ನೂ ಹೇಳಲೇಬೇಕು.

ಅವೇ ಎರಡು ಗುಂಪುಗಳಲ್ಲಿ ನಡೆದದ್ದನ್ನು ಪೂರ್ತಿ ಬರೆದು ಕ್ಷಮೆ ಕೇಳಿದೆ. ನಾಲ್ಕೈದು ಜನ ಹೆಬ್ಬೆರಳು ಎತ್ತಿದರು. ಒಬ್ಬರು "ಬಿಡ್ರಿ ಮೇಡಂ, ಗ್ಯಾರೇಜಿನವರೆಲ್ಲಾ ಹಂಗೇ" ಎಂದರು. ಆರೋಪವನ್ನು ಊರೆಲ್ಲ ಹಂಚಿದವರಲ್ಲಿ ಒಬ್ಬರೂ ಕ್ಷಮೆಯನ್ನು ಮುಂದಕ್ಕೆ ಕಳಿಸಲಿಲ್ಲ.

ಹಾಗಾಗಿ ಕುಸನೂರಿಗೆ ನಾನೇ ಹೋದೆ. ವ್ಯಾನಿನ ಮಾಲೀಕರು ಎಲ್ಲವನ್ನೂ ಕೇಳಿಸಿಕೊಂಡು, "ಕೆಟ್ಟಂವ ಅಂತ ಬರದವರೂ ನೀವೇ, ಛಲೋ ಮನಷ್ಯಾ ಅನ್ನವರೂ ನೀವೇ. ನಾ ಯಾವ್ದು ನಂಬ್ಲಿ?" ಎಂದರು. ಕೇಳುವ ಹಕ್ಕು ಅವರಿಗಿತ್ತು. ಮೂರನೆಯ ಸಲ ಹೋದಾಗ, ನೋಡೋಣ ಎಂದು ಒಂದು ವ್ಯಾನನ್ನು ರಶೀದ್ ಭಾಯಿಯ ಬಳಿಗೆ ಕಳಿಸಿದರು.

ಉಳಿದೆರಡು ಇಂದಿಗೂ ಬೇರೆ ಕಡೆ ರಿಪೇರಿಯಾಗುತ್ತಿವೆ. ತಿಂಗಳಿಗೊಮ್ಮೆ ನಾನು ಹೋಗಿ ಕೇಳುತ್ತೇನೆ. "ಮತ್ತ ಬಂದ್ರಾ ಮೇಡಂ?" ಎಂದು ಅವರು ನಗುತ್ತಾರೆ. ಚಹಾ ಕೊಡುತ್ತಾರೆ, ಮಾತು ಕೊಡುವುದಿಲ್ಲ. ಆ ಎರಡೂ ಶಹಾಬಜಾರದ ಗಲ್ಲಿಗೆ ಮರಳುವ ತನಕ ನಾನು ಹೋಗುತ್ತಲೇ ಇರುತ್ತೇನೆ.