ಬಾಯಿಂದ ಊದಬಾರದ ದೀಪ

ಜಲನಗರದ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ವರ್ಷಕ್ಕೊಮ್ಮೆ ಒಂದು ಮಗುವಿನ ಹುಟ್ಟುಹಬ್ಬ ನಡೆಯುತ್ತದೆ. ಮೇಣದಬತ್ತಿಯ ನೆಪದಲ್ಲಿ ಅದು ಕೇಕಿನ ಮೇಲೂ ಧಾರಾಳವಾಗಿ ಊದಿದ್ದನ್ನು ನಾನು ಮುಖ ಸಿಂಡರಿಸಿಕೊಂಡೇ ನುಂಗುತ್ತೇನೆ. ಆದರೆ ಊದುವುದೆಂಬ ಈ ಕ್ಷುಲ್ಲಕ ಕ್ರಿಯೆಯ ಮೇಲೆ ನಿಜವಾದ ಸಿಟ್ಟು ಬಂದದ್ದು ಕೇಕಿನಿಂದಲ್ಲ, ಟಿಕೋಟಾದ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಎದುರಿಗಿಟ್ಟ ಒಂದು ಯಂತ್ರದಿಂದ.

ಚಿಗವ್ವನ ಶ್ವಾಸಕೋಶದಲ್ಲಿ ಗಡ್ಡೆಯಿತ್ತು. ಆ ಭಾಗವನ್ನು ಕತ್ತರಿಸಿ ತೆಗೆದರೆ ಬದುಕು. ಆದರೆ ಉಳಿಯುವ ಭಾಗದಲ್ಲಿ ಅವಳು ಉಸಿರಾಡಬಲ್ಲಳೇ ಎಂಬುದನ್ನು ಮೊದಲೇ ಅಂದಾಜು ಮಾಡಬೇಕು. ಅದಕ್ಕೆ ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ರಭಸದಿಂದ ಊದುವ ಪರೀಕ್ಷೆ. ವಿಜಯಪುರದ ಆಸ್ಪತ್ರೆಯೊಂದರಲ್ಲಿ ಅವಳು ಮತ್ತೆ ಮತ್ತೆ ಊದಿದಳು. ಯಂತ್ರ ತೃಪ್ತವಾಗಲಿಲ್ಲ.

"ಜೋರ್ ಊದ್ರಿ ಆಯಿ, ಊಟಾ ಮಾಡಿಲ್ಲೇನ್ರಿ?" ಎಂದ ಪರೀಕ್ಷೆ ಮಾಡುವವನು.

"ನಾ ಉಂಡೇನೋ ಯಪ್ಪಾ, ನಿನ್ನ ಮಷಿನ್ನಿಗೇ ಹಸಿವಾಗೇತಿ," ಎಂದಳು ಚಿಗವ್ವ.

ಶಸ್ತ್ರವೈದ್ಯರು ವರದಿಯಿಂದ ತಲೆಯೆತ್ತದೆ ಹೇಳಿದರು: "ಇಷ್ಟ ಉಸಿರಿನ್ಯಾಗ ಆಪರೇಷನ್ ಆಗೂದಿಲ್ರಿ. ಟೇಬಲ್ ಮ್ಯಾಲೇ ಹೋಗಿಬಿಡ್ತಾರ."

ನನಗೆ ನಂಬಿಕೆ ಬರಲಿಲ್ಲ. ದ್ರಾಕ್ಷಿ ತೋಟದಲ್ಲಿ ನಿಂತು ಅವಳು ಕೂಗಿದರೆ ಬಬಲೇಶ್ವರದ ಹಾದಿ ಹಿಡಿದವರು ಗಾಡಿ ನಿಲ್ಲಿಸಿ ತಿರುಗಿ ನೋಡುತ್ತಿದ್ದರು. ಹಾಗೆಂದು ನನ್ನ ನೆನಪು. ದಿನಚರಿ ಬರೆಯುವವನಾದ್ದರಿಂದ ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತು, ಅದನ್ನು ಸಾಕ್ಷಿಗೆ ಕರೆಯಲಾರೆ. ಆದರೆ ಅಂದು ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲುಗಳನ್ನು ಅವಳು ನನಗಿಂತ ಮೊದಲು ಹತ್ತಿದ್ದಕ್ಕೆ ನನ್ನ ಏದುಸಿರೇ ಪುರಾವೆ.

ಮರಳುವಾಗ ಆಟೊದಲ್ಲಿ ಕೇಳಿದೆ: "ಯಾಕ ಬೇ, ಜೋರ್ ಊದಲಿಲ್ಲ?"

"ಹೆಂಗ್ ಊದ್ಲೋ? ಆ ಟಿವ್ಯಾಗ ಸಾಲಾಗಿ ದೀಪಾ ಹಚ್ಚಿಟ್ಟಾನ. ಸ್ವಲ್ಪ ಊದೂದ್ರಾಗ ಒಂದು ಶಾಂತ ಆತು. ಜೀವಾ ಉಳಸ್ಕೊಳ್ಳಾಕ ಬಂದು ಬಾಯಿಲೆ ದೀಪಾ ಆರಿಸ್ಲೇನ್?"

ಮಕ್ಕಳನ್ನು ಹುರಿದುಂಬಿಸಲು ಪರದೆಯ ಮೇಲೆ ಮೇಣದಬತ್ತಿಗಳ ಚಿತ್ರವಿಟ್ಟಿದ್ದರು. ಜೋರಾಗಿ ಊದಿದಷ್ಟೂ ಹೆಚ್ಚು ಆರುತ್ತವೆ. ನಮ್ಮ ಮನೆಯಲ್ಲಿ ದೀಪವನ್ನು ಹೂವಿನಿಂದ ಶಾಂತ ಮಾಡುತ್ತಾರೆ, ಎಂಜಲು ಬಾಯಿಂದ ಊದುವುದಿಲ್ಲ. ದೀಪ ಆರಿಸುವುದಕ್ಕೂ ಬದುಕುವವರನ್ನು ಆರಿಸುವುದಕ್ಕೂ ಕನ್ನಡದಲ್ಲಿ ಒಂದೇ ಪದ. ಆ ಕೋಣೆಯಲ್ಲಿ ಎರಡನ್ನೂ ಒಂದೇ ಯಂತ್ರಕ್ಕೆ ವಹಿಸಿಕೊಟ್ಟಿದ್ದರು. ಅರೆಮನಸ್ಸಿನ ಉಸಿರನ್ನೇ ಪೂರ್ತಿ ಉಸಿರೆಂದು ಬರೆದವನ ಮೇಲೆ, ಬರೆದದ್ದನ್ನು ನೋಡಿ ಮನುಷ್ಯಳನ್ನು ನೋಡದ ವೈದ್ಯರ ಮೇಲೆ, ಪಕ್ಕದಲ್ಲೇ ಕುಳಿತು ಪರದೆಯ ಚಂದವನ್ನು ಮೆಚ್ಚಿದ ಪದವೀಧರನಾದ ನನ್ನ ಮೇಲೆ ನೆತ್ತಿಗೇರಿದ ಸಿಟ್ಟನ್ನು ನೀವೇ ಊಹಿಸಿಕೊಳ್ಳಿ.

ಆಟೊ ತಿರುಗಿಸಿಕೊಂಡು ಅದೇ ಕೋಣೆಗೆ ಮರಳಿದೆವು. "ಮೊದಲ ಆ ಪರದೆ ಆಕಡೆ ತಿರುಗಸ್ರಿ!" ಎಂದು ಕೂಗಾಡಿದೆ.

"ಅದು ದೀಪಾ ಅಲ್ರಿ, ಬರೇ ಚಿತ್ರಾರಿ," ಎಂದು ಪರೀಕ್ಷೆ ಮಾಡುವವನು ಗೊಣಗಿದ.

"ದೇವರ ಫೋಟೋನೂ ಚಿತ್ರಾನ. ಅದರ ಮ್ಯಾಲ ಉಗಳ್ತೀಯೇನ್ಲೇ?" ಎಂದಳು ಚಿಗವ್ವ. ಆಮೇಲೆ ಊದಿದಳು. ಹೇಗೆ ಊದಿದಳೆಂದರೆ, ಅವನು ವರದಿಯ ಬದಲು ಅವಳ ಮುಖ ನೋಡಿದ.

"ಮಾಡಬಹುದ್ರಿ," ಎಂದರು ವೈದ್ಯರು, ಮೊದಲು ಆಗುವುದಿಲ್ಲವೆಂದವರು ಬೇರೆ ಯಾರೋ ಎಂಬಂತೆ. ಮಾಡಿದರು. ಚಿಗವ್ವ ಉಳಿದಳು.

ಈ ವರ್ಷದ ಹುಟ್ಟುಹಬ್ಬಕ್ಕೆ ಅವಳೂ ಬಂದಿದ್ದಳು. "ಊದು ಯಪ್ಪಾ, ಜೋರ್ ಊದು, ನಿನ್ನ ಎದಿ ಎಷ್ಟೈತಿ ನೋಡೂಣು," ಎಂದು ಮಗುವಿಗೆ ತಾನೇ ಹೇಳಿದಳು; ಎಲ್ಲ ಬತ್ತಿ ಆರಿದ ಮೇಲೆ ಕಡ್ಡಿ ಗೀರಿ ಒಂದನ್ನು ಮತ್ತೆ ಹಚ್ಚಿಟ್ಟಳು. ನಾನು ಮುಖ ಸಿಂಡರಿಸದೆ ಕೇಕು ತಿಂದೆ. ಆದರೆ ಆ ಪರದೆಯ ಮುಂದೆ ದೀಪಕ್ಕೆ ಅಂಜಿ ಮೆಲ್ಲಗೆ ಊದಿ, ಆಗುವುದಿಲ್ಲವೆಂಬ ಮಾತು ಕೇಳಿ, ಸುಮ್ಮನೆ ಕನಮಡಿಯಂಥ ಊರಿನ ಬಸ್ಸು ಹತ್ತಿದವರು ಯಾರಾದರೂ ಇದ್ದಾರೆಯೇ? ಅವರನ್ನು ಹಾದಿಯಲ್ಲಿ ಯಾರಾದರೂ "ಯಾಕ ಬೇ" ಎಂದು ಕೇಳಿದರೇ? ಅದು ಗೊತ್ತಾಗುವವರೆಗೆ ನನ್ನ ಸಿಟ್ಟೂ ಹಚ್ಚಿಟ್ಟ ದೀಪವೇ. ಅದನ್ನು ಊದಲು ಯಾರಿಗೂ ಬಿಡಲಾರೆ.